ಎಲ್ಲರಿಗೂ ಒಂದೇ ಫೋನ್ ನಂಬರ್!

ಯಶವಂತಪುರ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮ ಸೋದರಮಾವನಿಗೆ ಈರುಳ್ಳಿ ಮಂಡಿ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತು. ಕೋಡ್ ಬರೆಯೋದು ಕಲಿತ ಹುಮ್ಮಸ್ಸಿನಲ್ಲಿ, ಮಾವನ ಉದ್ರಿ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಮಾಡಿಕೊಟ್ಟೆ. ಮಾವ ಒಂದು ವಾರ ಕೂತು ಮುನ್ನೂರು ಗಿರಾಕಿಗಳ ಹೆಸರು, ನಂಬರ್ ಹೊಡೆದರು. ಹಳೇ ಪುಸ್ತಕ ರದ್ದಿಗೆ ಹೋಯ್ತು.

ತಿಂಗಳ ಕೊನೆಗೆ ಫೋನ್ ಬಂತು. "ಏನಮ್ಮಾ, ಇಡೀ ಬೆಂಗಳೂರಿಗೆ ಒಂದೇ ನಂಬರಾ?"

ನೋಡಿದರೆ, ಎಲ್ಲರ ಹೆಸರಿನ ಮುಂದೆಯೂ 2147483647!

ತಪ್ಪು ನನ್ನದೇ. ಫೋನ್ ನಂಬರ್ ಕಾಲಂಗೆ ಇಂಟ್ ಅಂತ ಕೊಟ್ಟಿದ್ದೆ. ಇಂಟ್‌ಗೆ 4 ಬೈಟ್ ಜಾಗ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ 2147483647. ನಮ್ಮ ಮೊಬೈಲ್ ನಂಬರ್ ಶುರುವಾಗೋದೇ 6, 7, 8, 9ರಿಂದ, ಅದೂ ಹತ್ತು ಅಂಕಿ. ಪಾವಿಗೆ ಸೇರು ಅಕ್ಕಿ ಸುರಿದ ಹಾಗೆ! ಈಗಿನ ಮೈಎಸ್‌ಕ್ಯೂಎಲ್ ಆಗಿದ್ದರೆ ತಪ್ಪು ಅಂತ ತಡೀತಿತ್ತು. 5.7ಕ್ಕಿಂತ ಹಿಂದಿನದು ಸುಮ್ಮನೆ ಹಿಡಿಸಿದಷ್ಟು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿಬಿಡ್ತು. ನಾನು ಟೆಸ್ಟ್ ಮಾಡಿದ್ದು 12345 ಹಾಕಿ!

ಚೆಲ್ಲಿದ್ದು ವಾಪಸ್ ಬರಲ್ಲ. ಎರಡು ವಾರ ಬೆಳಗ್ಗೆ ಆರಕ್ಕೇ ಯಲಹಂಕದಿಂದ ಬಸ್ ಹತ್ತಿ, ಮಂಡಿ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ "ಅಣ್ಣಾ, ನಂಬರ್ ಹೇಳಿ" ಅಂತ ಕೇಳಿದೆ. ಮಾವ ಬೈಲಿಲ್ಲ. ಅದೇ ಜಾಸ್ತಿ ನೋವಾಯ್ತು.

ಹೆದರಿಕೆಗೆ ಎಲ್ಲ ಕಾಲಂಗಳನ್ನೂ 8 ಬೈಟ್‌ನ ಬಿಗ್‌ಇಂಟ್ ಮಾಡಿದೆ. ಆಫೀಸಿನ ಸೀನಿಯರ್ ಅಕ್ಕ ನಕ್ಕರು. "ಸ್ಕೂಟಿ ಸಾಕಾಗೋ ಕಡೆಗೆ ಲಾರಿ ಯಾಕೆ? ಹತ್ತು ಕೋಟಿ ಸಾಲು ಇದ್ದರೆ ಒಂದೇ ಕಾಲಂಗೆ 40 ಕೋಟಿ ಬೈಟ್ ದಂಡ." ಆಮೇಲೆ ಅವರೇ ಹೇಳಿಕೊಟ್ಟರು: ಕೂಡಿ ಕಳೆಯದ ನಂಬರ್ ನಂಬರೇ ಅಲ್ಲ, ಫೋನ್ ನಂಬರನ್ನು ಅಕ್ಷರದ ಹಾಗೆ ಇಡು. ಮೂಟೆ ಎಣಿಕೆಗೆ 2 ಬೈಟ್‌ನ ಸ್ಮಾಲ್‌ಇಂಟ್ ಸಾಕು, 32,767ರವರೆಗೆ ಹಿಡಿಸುತ್ತೆ. ಯಲಹಂಕದ ಪಿನ್‌ಕೋಡ್ 560064 ಅದರಲ್ಲಿ ಹಿಡಿಸಲ್ಲ. ದುಡ್ಡಿಗೆ ಮಾತ್ರ ಫ್ಲೋಟ್ ಬೇಡವೇ ಬೇಡ. ಅದು ಸುಮಾರು ಏಳು ಅಂಕಿವರೆಗಷ್ಟೇ ನಂಬಿಕೆಗೆ ಯೋಗ್ಯ. 1,23,456.78 ಅಂದರೆ ಆಗಲೇ ಎಂಟು ಅಂಕಿ, ಪೈಸೆ ಜಾರುತ್ತೆ. ಡೆಸಿಮಲ್ ಹಾಕು.

ಈಗ ಮಾವನ ಲೆಕ್ಕ ಪೈಸೆಗೆ ಪೈಸೆ ಸರಿಯಾಗಿದೆ. ಆದರೂ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತೆ, ನಂಬರ್‌ಗಳೆಲ್ಲ ಪೆನ್ನಲ್ಲಿ ಬರೆದದ್ದು. ಅದನ್ನು ರದ್ದಿಗೆ ಹಾಕಿ ಅಂತ ನಾನು ಯಾವತ್ತೂ ಹೇಳಿಲ್ಲ.