ಭಾಗ 4: ಸ್ವಿಚ್‌ಗೆ ರಿಪ್ ಹಾಕೋದು

ನಾಳೆ ಲ್ಯಾಬ್ ಎಕ್ಸಾಮ್ ಇರೋರೇ, ‘ರಿಪ್ ಹಳೇದು, ಯಾಕೆ ಓದ್ಬೇಕು’ ಅಂತ ಬಿಡ್ಬೇಡಿ. 30 ಸೆಕೆಂಡಿಗೊಮ್ಮೆ ತನ್ನ ರೂಟಿಂಗ್ ಟೇಬಲ್ಲನ್ನ ಪಕ್ಕದವರಿಗೆ ಕೂಗಿ ಹೇಳೋ ಪ್ರೋಟೋಕಾಲ್ ಇದು. ಡಿಬಗ್ ಆನ್ ಮಾಡಿ ಕೂತ್ರೆ ಆ ಮಾತುಕತೆ ಸ್ಕ್ರೀನ್ ಮೇಲೇ ಕಾಣುತ್ತೆ. ನಂಗೆ ಓಎಸ್‌ಪಿಎಫ್ ತಲೆಗೆ ಹತ್ತಿದ್ದು ಇದನ್ನ ನೋಡಿದ್ಮೇಲೇ.

ಸಿಸ್ಕೋ ಲೇಯರ್ 3 ಸ್ವಿಚ್‌ನಲ್ಲಿ ಮೊದಲು ‘ಐಪಿ ರೂಟಿಂಗ್’ ಕೊಡಿ, ಆಮೇಲೆ ‘ರೂಟರ್ ರಿಪ್’. ತಪ್ಪದೆ ‘ವರ್ಷನ್ 2’, ‘ನೋ ಆಟೋ-ಸಮರಿ’, ಕೊನೆಗೆ ‘ನೆಟ್‌ವರ್ಕ್’. ವರ್ಷನ್ 1 ಸಬ್‌ನೆಟ್ ಮಾಸ್ಕನ್ನೇ ಕಳಿಸಲ್ಲ: ಒಂದು ತುದೀಲಿ 10.1.1.0, ಇನ್ನೊಂದರಲ್ಲಿ 10.2.2.0, ನಡುವೆ 192.168.1.0 ಇದ್ರೆ ಎರಡೂ ಕಡೆಯಿಂದ ಬರೋದು ಬರೀ 10.0.0.0. ಪಿಂಗ್ ಹೋಗಲ್ಲ, ಟೈಮ್ ಹೋಗುತ್ತೆ.

ವೈವಾಗೆ: 15 ಹಾಪ್‌ವರೆಗೆ ಸರಿ, 16 ಅಂದ್ರೆ ತಲುಪಲ್ಲ. ಮುಗಿಸಿದ್ಮೇಲೆ ‘ಶೋ ಐಪಿ ರೂಟ್’ ಹೊಡೆದು ಎಡಗಡೆ ‘ಆರ್’ ಇದ್ಯಾ ನೋಡಿ.