ನವನಗರದ ನಗೆ ವಿಮರ್ಶೆ

ನವನಗರ ಎಲ್ಲಿದೆ ಎಂದು ಹುಬ್ಬಳ್ಳಿಯವರನ್ನು ಕೇಳಿದರೆ ಧಾರವಾಡದ ಕಡೆ ಕೈ ತೋರಿಸುತ್ತಾರೆ. ಧಾರವಾಡದವರನ್ನು ಕೇಳಿದರೆ ಹುಬ್ಬಳ್ಳಿಯ ಕಡೆ. ಎರಡೂ ಉತ್ತರ ಸರಿಯೇ. ಹಳೆಯ ಪುಣೆ–ಬೆಂಗಳೂರು ರಸ್ತೆಯಲ್ಲಿ ಉಣಕಲ್, ಭೈರಿದೇವರಕೊಪ್ಪ ದಾಟಿದ ಮೇಲೆ, ರಾಯಾಪುರ ಬರುವ ಮೊದಲು ಸಿಗುವ ಬಡಾವಣೆ ಇದು. 1962ರಲ್ಲಿ ಎರಡೂ ಊರುಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ಮಾತು ಬಿಟ್ಟ ಗಂಡ ಹೆಂಡಿರ ನಡುವೆ ಸುದ್ದಿ ಸಾಗಿಸುವ ಮಗುವಿನಂತೆ ನವನಗರ ನಡುವೆ ಕುಳಿತಿದೆ.

ಇಲ್ಲಿ ನೋಡುವಂಥದ್ದು ಏನಿದೆ ಎಂದು ನೆಂಟರು ಕೇಳುವುದುಂಟು. ಕೆರೆ ನೋಡಬೇಕೆಂದರೆ ಉಣಕಲ್ಲಿಗೆ ಹೋಗಬೇಕು. ಹಳೆಯ ಗುಡಿ ಬೇಕೆಂದರೆ ಪಕ್ಕದ ಅಮರಗೋಳದಲ್ಲಿ ಶಂಕರಲಿಂಗ, ಬನಶಂಕರಿಯರು ಇದ್ದಾರೆ. ನವನಗರದ ಪಾಲಿಗೆ ಬಂದಿರುವುದು ಪೊಲೀಸ್ ಆಯುಕ್ತರ ಕಚೇರಿ, ಕ್ಯಾನ್ಸರ್ ಚಿಕಿತ್ಸಾ ಆಸ್ಪತ್ರೆ ಮತ್ತು 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಮೂರೂ ಗಂಭೀರ ಸ್ಥಳಗಳೇ. ನಗೆ ಬೇಕಾದವರು ಭಾನುವಾರ ಸಂಜೆ ಇಲ್ಲಿಗೆ ಬರುವ ಬಸ್ಸು ಹತ್ತಬೇಕು.

ಇಪ್ಪತ್ತೈದು ನಿಮಿಷದ ವಿಮರ್ಶೆ

ಅಪ್ಸರಾ, ಸುಧಾ, ರೂಪಂ, ಸಂಗಮ ಮುಂತಾದ ಚಿತ್ರಮಂದಿರಗಳ ಹೆಸರು ಹಿರಿಯರ ಬಾಯಲ್ಲಿ ಇಂದಿಗೂ ವಿಳಾಸದಂತೆ ಬಳಕೆಯಲ್ಲಿವೆ. ಅವೆಲ್ಲ ಒಂದೋ ಹುಬ್ಬಳ್ಳಿಯವು, ಇಲ್ಲವೆ ಧಾರವಾಡದವು. ಹೀಗಾಗಿ ನವನಗರದ ಕುಟುಂಬಕ್ಕೆ ಸಿನಿಮಾ ಎಂದರೆ ಒಂದು ಸಣ್ಣ ಪ್ರಯಾಣ. ನೋಡಿದ್ದನ್ನು ಮಾತಾಡಿ ಮುಗಿಸಲು ಮರಳುವ ದಾರಿಯಷ್ಟೇ ಸಮಯ. ಮೊದಲು ಈ ಮಾತು ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ನಡೆಯುತ್ತಿತ್ತು. 2018ರ ಅಕ್ಟೋಬರಿನಲ್ಲಿ ‘ಚಿಗರಿ’ ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದವು. 2020ರ ಫೆಬ್ರುವರಿಯಲ್ಲಿ ಅವುಗಳ ವಿಧಿವತ್ತಾದ ಉದ್ಘಾಟನೆ ಆಯಿತು. ಅವುಗಳಿಗೆ ರಸ್ತೆಯ ನಡುವೆ ಪ್ರತ್ಯೇಕ ದಾರಿ ಇರುವುದರಿಂದ ವಿಮರ್ಶಕರು ಬೇಗನೆ ವಿಷಯಕ್ಕೆ ಬರಬೇಕಾಗಿದೆ.

“ಹೆಂಗಿತ್ರೀ ಪಿಚ್ಚರ್?”

“ಇಂಟರ್ವಲ್ ಭಾರೀ ಇತ್ತು. ಭಜಿ ಬಿಸಿ ಇದ್ದವು.”

ಇದು ಅತ್ಯಂತ ಚಿಕ್ಕ ವಿಮರ್ಶೆ. ಇದಕ್ಕಿಂತ ತುಸು ಉದ್ದದ್ದು ನಿವೃತ್ತ ನೌಕರರದು: “ನಾಯಕಿ ಅಪ್ಪ ಎರಡೂವರೆ ತಾಸು ಒಲ್ಲೆ ಒಲ್ಲೆ ಅಂದ. ಕಡೀಗೆ ಹೂಂ ಅಂದ. ಅದನ್ನ ಮೊದಲs ಅಂದಿದ್ರ ನಮಗ ಏಳರ ಬಸ್ಸು ಸಿಗತಿತ್ತು.”

ವಿಜ್ಞಾನ ಓದುವ ಪಿಯುಸಿ ಹುಡುಗರ ದಾರಿಯೇ ಬೇರೆ. ನಾಯಕಿ ಮೆಟ್ಟಿಲ ಮೇಲೆ ಕಾಲು ಜಾರಿ ನಾಯಕನ ತೋಳಿಗೆ ಬೀಳುವ ದೃಶ್ಯ ಯಾವ ಪ್ರೇಮಕಥೆಯಲ್ಲಿಲ್ಲ? ನಿಧಾನಗತಿಯಲ್ಲಿ ತೋರಿಸಿದ ಆ ಬೀಳುವಿಕೆಗೆ ಹುಡುಗನೊಬ್ಬ ಗಡಿಯಾರ ಹಿಡಿದಿದ್ದ. ಹನ್ನೆರಡು ಸೆಕೆಂಡು! ಗುರುತ್ವದ ವೇಗೋತ್ಕರ್ಷ 9.8 ಎಂದು ಹಿಡಿದು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಆಕೆ ಸುಮಾರು 705 ಮೀಟರ್ ಎತ್ತರದಿಂದ ಬಿದ್ದಿರಬೇಕು. ಜೋಗದ ಎತ್ತರ 253 ಮೀಟರ್. “ಹತ್ತತ್ರ ಮೂರು ಜೋಗ ಒಂದರ ಮ್ಯಾಲೆ ಒಂದು ಇಟ್ಟಂಗಾತು. ಅಂವನ ಕೈ ಮುರೀಲಿಲ್ಲ ಅಂದ್ರ ಅದು ನಿಜವಾದ ಪ್ರೀತಿನs ಇರಬೇಕು!” ತರಗತಿಯಲ್ಲಿ ತಲೆಗೆ ಹತ್ತದ ಸೂತ್ರ ಇಲ್ಲಿ ಇಡೀ ಬಸ್ಸಿಗೆ ಅರ್ಥವಾಗುತ್ತದೆ.

ಬಾಲದ ಆಚಾರ್ಯರು

ಈ ನಗೆಗೆ ಇದೇ ನೆಲದಲ್ಲಿ ಹಿರಿಯರಿದ್ದಾರೆ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆಯನ್ನು ಬೆಳೆಸಿದ ಪಾ.ವೆಂ. ಆಚಾರ್ಯರು ‘ಲಾಂಗೂಲಾಚಾರ್ಯ’ ಎಂಬ ಹೆಸರಿನಲ್ಲಿ ಹಾಸ್ಯ ಬರೆದರು. ಲಾಂಗೂಲ ಎಂದರೆ ಬಾಲ. ಇನ್ನೊಬ್ಬರ ಬಾಲ ಎಳೆಯುವ ಮೊದಲು ತಮಗೇ ಒಂದು ಬಾಲ ಅಂಟಿಸಿಕೊಂಡವರು ಅವರು. ಅತ್ತ ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತ, 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದ್ದರು.

ನಗೆ ವಿಮರ್ಶೆ ಬರೆಯಬಯಸುವ ವಿದ್ಯಾರ್ಥಿಗಳು ಇಂಥವರಿಂದ ಕಲಿಯಬೇಕಾದದ್ದಿದೆ. ನಟಿಯ ಬಣ್ಣ, ನಟನ ಹೊಟ್ಟೆ ಇವುಗಳ ಮೇಲೆ ಜೋಕು ಮಾಡಲು ಸಿನಿಮಾ ನೋಡುವ ಅಗತ್ಯವೇ ಇಲ್ಲ. ಗೋಡೆಯ ಪೋಸ್ಟರ್ ಸಾಕು. ಕಥೆ ಎಲ್ಲಿ ಜಾರಿತು ಎಂದು ಹೇಳಿ ನಗಿಸಬೇಕಾದರೆ ಕಣ್ಣು ಬಿಟ್ಟು ಕೂಡಬೇಕು. ಹನ್ನೆರಡು ಸೆಕೆಂಡು ಎಣಿಸಿದ ಹುಡುಗ ಆ ದೃಶ್ಯವನ್ನು ಉಳಿದೆಲ್ಲರಿಗಿಂತ ಗಮನವಿಟ್ಟು ನೋಡಿದ್ದ.

ಒಳ್ಳೆಯ ಚಿತ್ರ ಈ ನಗೆಯನ್ನು ತಾಳಿಕೊಳ್ಳುತ್ತದೆ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಟಿವಿಯಲ್ಲಿ ಬಂದಾಗ ಮನೆಮಂದಿಯೆಲ್ಲ ಕೂಡುತ್ತಾರೆ. ಅನಂತನಾಗ್ ಅವರ ಗಣೇಶ ರೇಡಿಯೊ ಗಾಯಕಿಯೊಬ್ಬಳಿಗೆ ಮುಖ ನೋಡದೆಯೇ ಪತ್ರ ಬರೆಯುತ್ತಾನೆ. ವಠಾರದಲ್ಲಿ ತಾನು ದಿನವೂ ಜಗಳವಾಡುವ ಆದಿಲಕ್ಷ್ಮಿಯೇ, ಅಂದರೆ ವಿನಯಾ ಪ್ರಸಾದ್ ಅವರೇ, ಆ ಗಾಯಕಿ ಎಂಬುದು ಅವನಿಗೆ ಗೊತ್ತಿಲ್ಲ. “ಒಂದು ಸಲ ಅಕ್ಷರ ಹೊಂದಿಸಿ ನೋಡಿದ್ರ ಪಿಚ್ಚರ್ ಅರ್ಧ ತಾಸಿನಾಗ ಮುಗೀತಿತ್ತು” ಎಂದು ಅಜ್ಜಿ ನಗುತ್ತಾಳೆ; ಮುಗಿಯುವವರೆಗೂ ಏಳುವುದಿಲ್ಲ. ಕಾಗದದಲ್ಲಿ ಒಲವು, ಎದುರಿಗೆ ಜಗಳ ಎಂಬ ಕಥೆಗೆ ಹೊರದೇಶದಲ್ಲೂ ಬಳಗವಿದೆ. ಲುಬಿಚ್ ನಿರ್ದೇಶನದ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ 1940ರಲ್ಲೇ ಒಂದು ಅಂಗಡಿಯ ಇಬ್ಬರು ನೌಕರರ ನಡುವೆ ಇದನ್ನೇ ತೋರಿಸಿತ್ತು.

ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಬಂದಾಗ “ಅಷ್ಟು ಮಳ್ಯಾಗ ಒಬ್ಬನೂ ಛತ್ರಿ ಮಾರಲಿಲ್ಲೇನು?” ಎಂದು ಕೇಳಿದವರಿದ್ದರು. ದೇವದಾಸ ಎಂಬ ಮೊಲವೇ ಎಲ್ಲರಿಗಿಂತ ಚೆನ್ನಾಗಿ ನಟಿಸಿತು ಎಂದವರೂ ಇದ್ದರು. ಆದರೆ ಮದುವೆ ನಿಶ್ಚಯವಾದ ಹುಡುಗಿಯನ್ನು ಮೆಚ್ಚಿದ ನಾಯಕ ಕೊನೆಗೆ ಅವಳನ್ನು ಬಿಟ್ಟುಕೊಟ್ಟು ನಡೆದುಬಿಡುವಲ್ಲಿ ಯಾರೂ ಜೋಕು ಹೇಳಲಿಲ್ಲ.

ನಗು ನಿಂತ ಜಾಗ

ಎಲ್ಲ ಚಿತ್ರಗಳ ನಾಯಕರೂ ಹೀಗೆ ಬಿಟ್ಟು ನಡೆಯುವವರಲ್ಲ. ಒಂದು ಸಂಜೆ ಹುಬ್ಬಳ್ಳಿಯಿಂದ ಬರುವ ಚಿಗರಿಯಲ್ಲಿ ಕಾನೂನು ವಿದ್ಯಾರ್ಥಿಗಳ ಗುಂಪೊಂದು ಆಗತಾನೆ ನೋಡಿದ ಪ್ರೇಮಕಥೆಯ ಮೇಲೆ ನ್ಯಾಯಾಲಯ ನಡೆಸಿತ್ತು. ನಾಯಕ ಒಲ್ಲೆ ಎಂದವಳ ಹಿಂದೆ ಕಾಲೇಜಿಗೆ, ಗುಡಿಗೆ, ಸಂತೆಗೆ ಅಲೆಯುತ್ತಾನೆ. “ಮೊದಲನೇ ಹಾಡು ಶುರು ಆಗೂದ್ರಾಗ ಮೂರು ಸಲ ಎಪ್ಪತ್ತೆಂಟು ಆತಲೇ. ಡ್ಯುಯೆಟ್ ಹಾಡೂದು ಜೇಲಿನಾಗs!” ಎಂದ ಒಬ್ಬ. ಬಸ್ಸು ನಕ್ಕಿತು.

ಅವನು ಹೇಳಿದ್ದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮನ್ನು. ಹೆಣ್ಣುಮಗಳು ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು ಅಪರಾಧ. 2013ರ ತಿದ್ದುಪಡಿಯಿಂದ ಹಳೆಯ ದಂಡ ಸಂಹಿತೆಗೆ ಸೇರಿದ್ದ ಇದು 2024ರ ಜುಲೈ 1ರಿಂದ ಹೊಸ ಸಂಖ್ಯೆ ಪಡೆಯಿತು. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸ.

ಅದೇ ಬಸ್ಸಿನಲ್ಲಿ ತಾಯಿ–ಮಗಳಿಬ್ಬರು ಅದೇ ಚಿತ್ರ ನೋಡಿ ಬರುತ್ತಿದ್ದರು. ತಾಯಿ ಕಣ್ಣೀರು ಬರುವಂತೆ ನಕ್ಕಳು. ಮಗಳು ನಗಲಿಲ್ಲ.

“ಯಾಕs? ನಿನಗ ಸೇರಲಿಲ್ಲೇನು?”

ಉಣಕಲ್ ಕೆರೆ ದಾಟುವವರೆಗೂ ಹುಡುಗಿ ಸುಮ್ಮನಿದ್ದಳು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ನನ್ನ ಹಿಂದನೂ ಒಬ್ಬ ಬರ್ತಾನ. ಎರಡು ತಿಂಗಳಾತು.”

ಇಂಥ ಮಾತನ್ನು ಮಕ್ಕಳು ಮನೆಯಲ್ಲಿ ಹೇಳದಿರುವುದಕ್ಕೆ ಕಾರಣವಿದೆ. “ನೀ ಯಾಕ ಆ ದಾರೀಲೆ ಹೋಗಿದ್ದಿ?” ಎಂಬ ಪ್ರಶ್ನೆ ಮೊದಲು ಬರುತ್ತದೆ, ನಾಳೆಯಿಂದ ಕಾಲೇಜು ಬೇಡ ಎಂಬ ತೀರ್ಮಾನ ಅದರ ಹಿಂದೆಯೇ ಬರುತ್ತದೆ. ಈ ತಾಯಿ ಹಾಗೆ ಕೇಳಲಿಲ್ಲ. “ಯಾವ ಬಸ್ಸಿನಾಗ? ಎಷ್ಟು ಗಂಟೇಕ?” ಎಂದಷ್ಟೇ ಕೇಳಿದಳು.

ನವನಗರದಲ್ಲಿ ಇಳಿದವರು ತಕ್ಷಣ ಮನೆಗೆ ಹೋಗಲಿಲ್ಲ. ನಿಲ್ದಾಣದಲ್ಲೇ ಕುಳಿತು ತುಂಬ ಹೊತ್ತು ಮಾತಾಡಿದರು. ಇಂಥ ಹೊತ್ತಿನಲ್ಲಿ ಕರೆ ಮಾಡಬೇಕಾದ 112 ಎಂಬ ಸಂಖ್ಯೆ ಎಲ್ಲ ಊರಿಗೂ ಒಂದೇ. ಆಯುಕ್ತರ ಕಚೇರಿ ಇದೇ ಬಡಾವಣೆಯಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಮನೆಯಲ್ಲಿ ಒಬ್ಬರು ಕೇಳಿಸಿಕೊಳ್ಳಬೇಕು. ಬಸ್ಸಿನಲ್ಲಿ ಯಾರೋ ಹೇಳಿದ ಜೋಕು ಆ ಮಾತಿಗೆ ಬಾಗಿಲು ತೆರೆದಿತ್ತು. ಹೇಳಿದ ಹುಡುಗನಿಗೆ ಅದು ಗೊತ್ತಾಗಲೇ ಇಲ್ಲ. ಅವನ ಗುಂಪು ಆಗಲೇ ನಾಯಕನಿಗೆ ಜಾಮೀನು ಕೊಡಬೇಕೋ ಬೇಡವೋ ಎಂಬ ವಾದದಲ್ಲಿ ಮುಳುಗಿ ರಸ್ತೆ ದಾಟುತ್ತಿತ್ತು.

ಅಷ್ಟರಲ್ಲಿ ಎದುರು ದಿಕ್ಕಿನಿಂದ ಧಾರವಾಡದ ಬಸ್ಸು ಬಂದು ನಿಂತಿತು. ಪೇಢೆಯ ಪೊಟ್ಟಣ ಹಿಡಿದ ಹಿರಿಯರೊಬ್ಬರು ಇಳಿದರು. ಕಾಯುತ್ತ ನಿಂತಿದ್ದ ಮೊಮ್ಮಗ ಕೇಳಿದ:

“ಅಜ್ಜಾ, ಪಿಚ್ಚರ್ ಹೆಂಗಿತ್ತು?”

“ನಿದ್ದಿ ಛಲೋ ಬಂತು.”