ಎಂ.ಎ. ಮಾಡಬೇಕಂದ್ರ ಏನೇನ್ ಬೇಕ್ರಿ?

ಪದವಿ ಫಲಿತಾಂಶ ಬಂದ ವಾರ ನಮ್ಮ ಫೋನುಗಳಿಗೆ ಬಿಡುವಿರುವುದಿಲ್ಲ. ಊರ ಕಡೆಯ ತಮ್ಮಂದಿರು, ತಂಗಿಯರು ಕೇಳುವುದು ಒಂದೇ ಪ್ರಶ್ನೆ: “ಅಣ್ಣಾರ, ಸಮಾಜಶಾಸ್ತ್ರದಾಗ ಎಂ.ಎ. ಮಾಡಬೇಕಂದ್ರ ಏನೇನ್ ಬೇಕ್ರಿ?” ಗೊತ್ತಿದ್ದಷ್ಟು ಹೇಳಿ ಫೋನ್ ಇಡುತ್ತೇವೆ. ಇಟ್ಟ ಮೇಲೆ ಪ್ರತಿ ಸಲವೂ ಅರ್ಧ ಮಾತ್ರ ಹೇಳಿದೆವು ಅನ್ನಿಸುತ್ತದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ನಾಲ್ವರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಹೀಗೆ ತಾಲ್ಲೂಕಿಗೊಬ್ಬರು. ಗ್ರಾಮೀಣ ಪತ್ರಿಕೋದ್ಯಮ ಕಲಿತು, ಕೆಲ ಕಾಲ ಹತ್ತಿ ಪೇಟೆಯ ಧಾರಣೆ, ಕಿತ್ತೂರು ಉತ್ಸವ, ಗುಡ್ಡದ ಜಾತ್ರೆ ಅಂತ ಸುದ್ದಿ ಬರೆದವರು. ಸುದ್ದಿ ಬರೆಯುತ್ತ ಬರೆಯುತ್ತ, ಇದರ ಹಿಂದೆ ಇನ್ನೇನೋ ಇದೆ ಅನ್ನಿಸತೊಡಗಿತು. ಅದನ್ನು ಹಿಡಿಯಲು 2018ರಲ್ಲಿ ಎಂ.ಎ. ಸೇರಿದೆವು.

ಮೊದಲು ಕಾಗದದ ಮಾತು. ನಮ್ಮ ಕಡೆಯವರಿಗೆ ಸಮಾಜಶಾಸ್ತ್ರದ ಎಂ.ಎ. ಅಂದರೆ ಎರಡು ದಾರಿ. ಒಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಇನ್ನೊಂದು 2010ರಲ್ಲಿ ಭೂತರಾಮನಹಟ್ಟಿಯಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಹೆದ್ದಾರಿ ಮೇಲಿನ ಕಿತ್ತೂರಿನವರಿಗೆ ಎರಡೂ ಬಸ್ಸಿನ ದಾರಿಯಲ್ಲೇ ಇವೆ. ರಾಮದುರ್ಗದವರಿಗೆ ಹಾಸ್ಟೆಲ್ ಸಿಗಬೇಕು, ಇಲ್ಲವೇ ರೂಮಿಗೆ ದುಡ್ಡಿರಬೇಕು. ನಾವು ಸೇರುವಾಗ ಪದವಿಯಲ್ಲಿ ಸಮಾಜಶಾಸ್ತ್ರ ಐಚ್ಛಿಕ ವಿಷಯವಾಗಿದೆಯೇ ಎಂದು ಮೊದಲು ನೋಡಿದರು. ನಮ್ಮದು ಇತಿಹಾಸ, ಸಮಾಜಶಾಸ್ತ್ರ, ಪತ್ರಿಕೋದ್ಯಮ, ಹಾಗಾಗಿ ದಾಟಿಕೊಂಡೆವು. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಕೊನೆಗೊಂದು ಪ್ರಬಂಧ.

ಆಮೇಲಿನ ಬಾಗಿಲು ಇನ್ನೂ ಸಣ್ಣದು. ಪಿಎಚ್.ಡಿ.ಗೆ ಅರ್ಜಿ ಹಾಕಲು ಎಂ.ಎ.ದಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗದವರಿಗೆ ಶೇ 50. ಯುಜಿಸಿಯ 2022ರ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷ ಸಿಗಬಹುದು. ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ ಮುಗಿಸಬೇಕು. ಗೈಡ್ ಸಿಗಬೇಕು. ಪ್ರೊಫೆಸರ್ ಒಬ್ಬರು 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನಷ್ಟೇ ತೆಗೆದುಕೊಳ್ಳಬಹುದು. ಹಿಂದೆ ನಡುವೆ ಮೆಟ್ಟಿಲಿನಂತಿದ್ದ ಎಂ.ಫಿಲ್ ಅನ್ನು ಅದೇ ನಿಯಮ ನಿಲ್ಲಿಸಿತು. ಕಾಲೇಜಿನಲ್ಲಿ ಕಲಿಸಬೇಕೆಂದರೆ ನೆಟ್ ಅಥವಾ ಕೆ-ಸೆಟ್ ನೋಡಿಕೊಳ್ಳಬೇಕು. ನೆಟ್‌ನ ಸಮಾಜಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಒಂದನೇ ಇಯತ್ತೆಯಿಂದ ಕನ್ನಡದಲ್ಲೇ ಓದಿದ ನಮಗೆ ಇದೊಂದು ಬೇರೆಯೇ ಪರೀಕ್ಷೆ.

ಇಷ್ಟು ಹೇಳಿದರೆ ಫೋನ್ ಮಾಡಿದವರಿಗೆ ಸಾಕು. ಆದರೆ ಈ ಅಂಕಿಗಳ ನಡುವೆ ನಮ್ಮ ರಾಮದುರ್ಗದವನು ಸಿಕ್ಕಿಬಿದ್ದ ಕತೆ ಹೇಳಬೇಕು.

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ರಾಮದುರ್ಗದ ಕಡೆ ನುಗ್ಗಿತು. ಮಲಪ್ರಭೆ ಅವನ ಮನೆಯೊಳಗೆ ಎದೆಮಟ್ಟ ನಿಂತಳು. ನಾವು ಮೂವರು ಕ್ಲಾಸಿನಲ್ಲಿ ದುರ್ಖೈಮ್ ಓದುವಾಗ ಅವನು ಮನೆಯ ರಾಡಿ ತೆಗೆಯುತ್ತಿದ್ದ, ಕಬ್ಬಿನ ಹೊಲದಲ್ಲಿ ಕೂತ ಮರಳು ನೋಡುತ್ತಿದ್ದ. ಆ ಸೆಮಿಸ್ಟರಿನ ಇಂಟರ್ನಲ್ ಅಂಕಗಳು ಹೋದವು. ಕೊನೆಗೆ ಒಟ್ಟು ಬಂದದ್ದು ಶೇ 54.6. ಯಾವ ರಿಯಾಯಿತಿಯೂ ಅವನಿಗೆ ಅನ್ವಯಿಸಲಿಲ್ಲ. ನೆಟ್ ಅರ್ಜಿಯ ಸೂಚನೆಯಲ್ಲಿ ಅಂಕವನ್ನು ಮೇಲಕ್ಕೆ ಸರಿಹೊಂದಿಸುವಂತಿಲ್ಲ ಎಂದೇ ಬರೆದಿರುತ್ತದೆ. “ಪಾಯಿಂಟ್ ನಾಕಕ್ಕ ನಾನು ಸಮಾಜಶಾಸ್ತ್ರಜ್ಞ ಆಗಲಿಲ್ಲ ನೋಡ್ರಿ” ಅಂತ ಅವನು ಈಗ ನಗುತ್ತಾನೆ. ಅಂದು ಅವನು ನಗಲಿಲ್ಲ, ನಮಗೂ ಮಾತು ಬರಲಿಲ್ಲ.

ಅದೇ ನೆರೆಯ ಬಗ್ಗೆ ಸಂಶೋಧನೆ ಮಾಡುವ ಹುಡುಗನೊಬ್ಬ ಪ್ರಶ್ನಾವಳಿ ಹಿಡಿದು ಅವನ ಮನೆಗೇ ಬಂದ. ಮನೆ ಎಷ್ಟು ಕೋಣೆ, ದನ ಎಷ್ಟು, ಪರಿಹಾರ ಬಂತೇ. “ಶಿಕ್ಷಣ?” ಅಂತ ಕೇಳಿದ. “ಎಂ.ಎ. ಸಮಾಜಶಾಸ್ತ್ರ.” ಹುಡುಗ ಪೆನ್ನು ನಿಲ್ಲಿಸಿ ತಲೆ ಎತ್ತಿದನಂತೆ. “ಬರೀರಿ, ಬರೀರಿ. ಪದವಿ ಮತ್ತು ಮೇಲ್ಪಟ್ಟು ಅನ್ನೋ ಕಾಲಮ್ಮಿಗೆ ಟಿಕ್ ಹಾಕ್ರಿ” ಅಂತ ಇವನೇ ಹೇಳಿಕೊಟ್ಟನಂತೆ. ಕೇಳಬೇಕಾಗಿದ್ದವನು ಉತ್ತರ ಹೇಳುವವನಾಗಿ ಕೂತಿದ್ದ. ಆ ಪ್ರಶ್ನಾವಳಿಯಲ್ಲಿ ನೆರೆಯಿಂದ ಓದು ಏನಾಯಿತು ಎಂಬ ಪ್ರಶ್ನೆ ಇರಲಿಲ್ಲ.

ಪ್ರಶ್ನಾವಳಿಯ ಈ ಕುರುಡು ನಮ್ಮ ಕೈಯಲ್ಲೂ ಇತ್ತೆಂದು ನಮಗೆ ತಿಳಿದದ್ದು ಸವದತ್ತಿಯಲ್ಲಿ.

ನಮ್ಮ ಸವದತ್ತಿಯವಳ ಪ್ರಬಂಧದ ವಿಷಯ ಯಲ್ಲಮ್ಮನ ಗುಡ್ಡದಲ್ಲಿ ಬಳೆ, ಭಂಡಾರ ಮಾರುವ ಒಂಟಿ ಹೆಂಗಸರು. 2020ರ ಭರತ ಹುಣ್ಣಿಮೆಯ ಹೊತ್ತಿಗೆ ನಾವು ನಾಲ್ವರೂ ಅವಳ ಜತೆ ಗುಡ್ಡ ಹತ್ತಿ ಫಾರಂ ತುಂಬಿಸಿದೆವು. ಸವದತ್ತಿಗೆ ಇದು ಹೊಸದಲ್ಲ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. 1993-94 ಮತ್ತು 2007-08ರಲ್ಲಿ ಸರ್ಕಾರ ಮಾಜಿ ದೇವದಾಸಿಯರ ಸಮೀಕ್ಷೆ ಮಾಡಿಸಿತು. ನಡುನಡುವೆ ಸಂಶೋಧಕರು, ಪತ್ರಕರ್ತರು, ಕ್ಯಾಮೆರಾದವರು. ನಾವೂ ಸುದ್ದಿಗೆಂದು ಮೊದಲು ಹೋದವರೇ. ಒಬ್ಬ ಅಜ್ಜಿ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು ಕೊನೆಗೆ ಅಂದಳು: “ಬಾಳ ಮಂದಿ ಬಂದು ಬರಕೊಂಡ ಹೋದ್ರ ಯವ್ವಾ. ಏನ್ ಬರದೀವಿ ಅಂತ ಒಬ್ಬರೂ ತಿರುಗಿ ಬಂದು ಓದಿ ಹೇಳಲಿಲ್ಲ.”

ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಗುಡಿ ಮುಚ್ಚಿತು. ಫಾರಂನಲ್ಲಿ ನಾವು ಬರೆದ ‘ಮಾಸಿಕ ಆದಾಯ’ ಒಂದು ತಿಂಗಳಲ್ಲೇ ಸುಳ್ಳಾಯಿತು. ಆದರೂ ಪ್ರಬಂಧ ಬೈಂಡಾಯಿತು, ವೈವಾ ಆಯಿತು, ಅಂಕ ಬಂದವು. ಅಜ್ಜಿಯ ಮಾತು ಮಾತ್ರ ಒಳಗೇ ಕುಟುಕುತ್ತಿತ್ತು. ಗುಡಿ ಮತ್ತೆ ತೆರೆದ ಮೇಲೆ ನಾಲ್ವರೂ ಪ್ರಬಂಧ ಹಿಡಿದು ಅವಳ ಅಂಗಳಕ್ಕೆ ಹೋದೆವು. ಅವಳು ಚಹಾ ಕಾಸಿದಳು. ನಮ್ಮ ಸವದತ್ತಿಯವಳು ಓದಿದಳು. ‘ಪ್ರತಿವಾದಿಯು ಒಂಟಿಯಾಗಿ ವಾಸಿಸುತ್ತಿದ್ದು, ಕುಟುಂಬದ ಸದಸ್ಯರ ಸಂಖ್ಯೆ ಒಂದು’ ಎಂಬಲ್ಲಿಗೆ ಬಂದಾಗ ಅಜ್ಜಿ ತಡೆದಳು.

“ಒಬ್ಬಾಕಿ ಅಂತ ಯಾರ ಹೇಳ್ಯಾರ?”

“ನೀವ ಹೇಳಿದ್ರಲ್ಲಬೇ, ಮಕ್ಕಳಿಲ್ಲ, ಮರಿಯಿಲ್ಲ ಅಂತ.”

“ಮಕ್ಕಳ ಎಷ್ಟ ಅಂತ ಕೇಳಿದಿ, ಇಲ್ಲಂದ್ಯಾ. ಮನ್ಯಾಗ ಯಾರ ಮಲಗತಾರ, ಯಾರ ಉಣ್ಣತಾರ ಅಂತ ಕೇಳಿದೇನ?”

ಪಕ್ಕದ ಮನೆಯ ಹುಡುಗಿ ಮೂರು ವರ್ಷದವಳಿದ್ದಾಗಿನಿಂದ ಅಜ್ಜಿಯ ಹತ್ತಿರವೇ ಮಲಗುತ್ತಾಳೆ, ಉಣ್ಣುತ್ತಾಳೆ. ಅವಳ ಶಾಲೆಯ ಪಾಟಿಚೀಲ ನಮ್ಮ ಕಣ್ಣೆದುರೇ ಗೂಟಕ್ಕೆ ನೇತಾಡುತ್ತಿತ್ತು. ಹಿಂದಿನ ಸಲವೂ ಅಲ್ಲಿಯೇ ನೇತಾಡುತ್ತಿತ್ತೇನೋ; ನಾವು ಫಾರಂ ನೋಡುತ್ತಿದ್ದೆವು.

ಎಂ.ಎನ್. ಶ್ರೀನಿವಾಸರನ್ನು ನಾವು ಅಂಕಕ್ಕಾಗಿ ಓದಿದ್ದೆವು. ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ತಿಂಗಳುಗಟ್ಟಲೆ ಇದ್ದು ಅವರು ಬರೆದುಕೊಂಡ ಟಿಪ್ಪಣಿಗಳಿಂದ ಸಿದ್ಧಪಡಿಸಿದ ಪ್ರತಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದವು. ಆಮೇಲೆ ಅವರು ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಕಾಗದ ಸುಟ್ಟರೂ ಊರು ಅವರ ತಲೆಯಲ್ಲಿ ಉಳಿದಿತ್ತು. ನಮ್ಮ ಫಾರಂಗಳು ಸುಟ್ಟಿದ್ದರೆ ನಮಗೆ ಏನು ನೆನಪಿರುತ್ತಿತ್ತು? ಅಂಗಳದಿಂದ ಇಳಿದು ಬರುವಾಗ ಬೈಲಹೊಂಗಲದವನು ಇದನ್ನು ಕೇಳಿದ. ಬಸ್ ಸ್ಟ್ಯಾಂಡಿನವರೆಗೂ ಯಾರೂ ಉತ್ತರ ಕೊಡಲಿಲ್ಲ.

ಈಗ ನಮ್ಮಲ್ಲಿ ಕಿತ್ತೂರಿನವಳು ಕೆ-ಸೆಟ್ ಪಾಸಾಗಿ ಅತಿಥಿ ಉಪನ್ಯಾಸಕಿ. ಸವದತ್ತಿಯವಳು ಪಿಎಚ್.ಡಿ. ಸೇರಿದ್ದಾಳೆ, ಅವಳ ಹೊಸ ಪ್ರಶ್ನಾವಳಿಯಲ್ಲಿ ‘ಕುಟುಂಬದ ಸದಸ್ಯರು’ ಎಂಬಲ್ಲಿ ‘ರಾತ್ರಿ ಯಾರ್ಯಾರು ಉಣ್ಣುತ್ತಾರೆ?’ ಎಂದಿದೆ. ಬೈಲಹೊಂಗಲದವನು ಮತ್ತೆ ಸುದ್ದಿಗೆ ಮರಳಿದ. ರಾಮದುರ್ಗದವನು ಹೊಲ ನೋಡಿಕೊಳ್ಳುತ್ತಾನೆ. ನಾವು ಏನೇ ಬರೆದರೂ ಮೊದಲು ಓದುವವನು ಅವನೇ, “ಇಲ್ಲಿ ಯಾರನ್ನ ಕೇಳಿಲ್ಲ ನೀವು?” ಅನ್ನುವವನೂ ಅವನೇ.

ಹಾಗಾಗಿ ತಮ್ಮಂದಿರೇ, ತಂಗಿಯರೇ, ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ ಜೋಡಿಸಿಟ್ಟುಕೊಳ್ಳಿ, ಪಿಎಚ್.ಡಿ. ಆಸೆಯಿದ್ದರೆ ಮೊದಲ ಸೆಮಿಸ್ಟರಿನಿಂದಲೇ 55ರ ಮೇಲೆ ಕಣ್ಣಿಡಿ. ಇಂಗ್ಲಿಷಿಗೆ ಅಂಜಬೇಡಿ. ‘ಪ್ರಬಲ ಜಾತಿ’ ಅಂತ ಪುಸ್ತಕ ಹೇಳುವುದು ನಿಮಗೆ ‘ಊರಾಗ ಯಾರ ಮಾತು ನಡೀತೈತಿ’ ಅಂತ ಮೊದಲೇ ಗೊತ್ತಿದೆ. ಮತ್ತೆ, ಯಾರ ಅಂಗಳದಲ್ಲಿ ಕೂತು ಬರೆದುಕೊಳ್ಳುತ್ತೀರೋ ಅವರಿಗೆ ಒಂದು ಸಲ ಓದಿ ಹೇಳಿ ಬನ್ನಿ. ಇದನ್ನು ಯಾವ ನಿಯಮವೂ ಕೇಳುವುದಿಲ್ಲ. ಸವದತ್ತಿಯ ಅಜ್ಜಿ ಕೇಳುತ್ತಾಳೆ.